ಟೇಕಲ್ ಮುನಿಗಂಗಮ್ಮನ ಎರಡನೆಯ ಗಂಟಲು

ಟೇಕಲ್ಲಿನ ಮುನಿಗಂಗಮ್ಮ ಬೀಗರನ್ನು ಬೈಯುವ ಹೆಂಗಸು ಎಂದೇ ಮಾಲೂರು ಸೀಮೆಗೆಲ್ಲ ಗೊತ್ತಿತ್ತು. ಹಾಗೆ ಹೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ಬೈಯೋದು ಯಾರಿಗ್ ಬರಲ್ಲ? ಬಾವಿ ಹತ್ರ ಹೋಗಿ ನಿಂತ್ಕೊ, ಬೇಕಾದಷ್ಟು ಸಿಗ್ತದೆ. ನಾನು ಹಾಡ್ತೀನಿ ಕಣೇ" ಎನ್ನುತ್ತಿದ್ದಳು.

ಮದುವೆಯ ಮಾರನೆಯ ದಿನ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಎದುರಿಗೆ ಕೂತು ಅವರನ್ನು ಹಂಗಿಸಿ ಹಾಡುವುದು ನಮ್ಮ ಕಡೆಯ ವಾಡಿಕೆ. ಹೆಚ್ಚಿನ ಮನೆಗಳಲ್ಲಿ ಆ ಹಾಡಿಗೆ ಉಪ್ಪೂ ಇರುವುದಿಲ್ಲ, ಖಾರವೂ ಇರುವುದಿಲ್ಲ. ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಬೀಗರ ಹೊಟ್ಟೆ ದೊಡ್ಡದು, ಬೀಗಿತ್ತಿಯ ಮೂಗು ಮೊಂಡು ಎಂದು ಕಿಸಕ್ಕನೆ ನಕ್ಕು ಮುಗಿಸಿಬಿಡುತ್ತಾರೆ. ಮುನಿಗಂಗಮ್ಮ ಹಾಗಲ್ಲ. ಅವಳು ಹಿಂದಿನ ದಿನವೇ ಬಂದು ಚಪ್ಪರದ ಕಂಬಕ್ಕೆ ಒರಗಿ ಕೂರುವಳು. ದವಡೆಯಲ್ಲಿ ಒಂದು ಚೂರು ಹೊಗೆಸೊಪ್ಪು ಇಟ್ಟುಕೊಂಡು, ಕಾಫಿ ತಣ್ಣಗಿದೆ ಎಂದು ಲೋಟ ನೂಕಿದವರು ಯಾರು, ಪಂಚೆಯ ಅಂಚು ಸಣ್ಣದು ಎಂದು ವಾಪಸು ಕಳಿಸಿದವರು ಯಾರು, ಹುಡುಗಿಯ ಬಣ್ಣದ ಮಾತು ತೆಗೆದವರು ಯಾರು, ಎಲ್ಲವನ್ನೂ ನೋಡಿಕೊಳ್ಳುವಳು. ಮಾರನೆಯ ದಿನ ಅದೆಲ್ಲ ಹಾಡಾಗಿ ಹೊರಗೆ ಬರುತ್ತಿತ್ತು.

ಗಂಡಿನ ಕಡೆಯವರನ್ನು ನೋಡಿದವರಿಗೆ ಗೊತ್ತು. ತಮ್ಮ ಮನೆಯಲ್ಲಿ ಮುದ್ದೆಗೆ ಹುರುಳಿ ಸಾರು ಕಂಡರೆ ಸಾಕು ಎನ್ನುವವರು, ಹರಿದ ಈಚಲು ಚಾಪೆಯಲ್ಲಿ ಮಲಗುವವರು, ಬೀಗರ ಮನೆಯ ಚಪ್ಪರದೊಳಗೆ ಕಾಲಿಟ್ಟ ಗಳಿಗೆಯಿಂದ ಮಹಾರಾಜರ ದಾಯಾದಿಗಳಾಗುತ್ತಾರೆ. ನೀರು ಬಿಸಿ ಇಲ್ಲ, ದಿಂಬು ಮೆತ್ತಗಿಲ್ಲ, ತುಪ್ಪಕ್ಕೆ ವಾಸನೆಯಿಲ್ಲ. ಹೆಣ್ಣು ಹೆತ್ತವರು ಮೂರು ದಿನ ಕೈಮುಗಿದು ನಿಂತು ಎಲ್ಲವನ್ನೂ ನುಂಗಬೇಕು. ಅವರು ಬಾಯಿ ಬಿಡಬಹುದಾದದ್ದು ಆ ಒಂದು ಊಟದ ಹೊತ್ತಿನಲ್ಲಿ ಮಾತ್ರ, ಅದೂ ಹಾಡಿನಲ್ಲಿ. ಅದಕ್ಕೇ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದವರೆಗೂ ಹೆಣ್ಣಿನ ಮನೆಯವರು ವಾಲಗದವರಿಗಿಂತ ಮುಂಚೆ ಮುನಿಗಂಗಮ್ಮನಿಗೆ ಹೇಳಿ ಕಳಿಸುತ್ತಿದ್ದರು. ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಚುಚ್ಚಿ ಮತ್ತೆ ಕನ್ನಡಕ್ಕೆ ಬರುವಳು. ಧ್ವನಿಯೆಂದರೆ ಅಂಥ ಧ್ವನಿ. ಮೇಲೆ ಏರಿಸಿದಳೆಂದರೆ ಚಪ್ಪರ ದಾಟಿ ರಸ್ತೆಯಲ್ಲಿ ಹೋಗುವ ಗಾಡಿಯವನೂ ಎತ್ತು ನಿಲ್ಲಿಸುತ್ತಿದ್ದ.

ಗಂಡ ಗಂಗುಲಪ್ಪ ಟೇಕಲ್ ಬೆಟ್ಟದಲ್ಲಿ ಕಲ್ಲು ಒಡೆಯುತ್ತಿದ್ದ. ಮಕ್ಕಳಿರಲಿಲ್ಲ. ಅವನಿಗೆ ಮಾತೂ ಇರಲಿಲ್ಲ. ಅವನ ಪಾಲಿನ ಮಾತನ್ನೂ ಇವಳೇ ಆಡಿಬಿಡುತ್ತಿದ್ದಳು.

ಮಾಲೂರಿನಲ್ಲಿ ಒಂದು ಮದುವೆ. ಗಂಡಿನ ಚಿಕ್ಕಪ್ಪ ಚನ್ನರಾಯಪ್ಪ ಮಾಸ್ತಿಯ ಹತ್ತಿರದ ಒಂದು ಹಳ್ಳಿಯ ಪಟೇಲ. ಹ್ಹೂಂ ಎಂದು ಗಂಟಲು ಸರಿಮಾಡಿಕೊಂಡು, "ನಮ್ ಕಡೆ ಹಿಂಗಲ್ಲ" ಎನ್ನುವುದು ಅವನ ಅಭ್ಯಾಸ. ಚಾಪೆ ಹಾಸಿದರೂ ಹ್ಹೂಂ, ನಮ್ ಕಡೆ ಹಿಂಗಲ್ಲ. ಎಲೆ ಹಾಕಿದರೂ ಅದೇ. ತನ್ನನ್ನು ಎದುರುಗೊಳ್ಳಲು ವಾಲಗ ಊರ ಬಾಗಿಲವರೆಗೆ ಬರಲಿಲ್ಲವೆಂದು ಮುನಿಸಿಕೊಂಡು, ಹೆಣ್ಣಿನ ತಂದೆಯನ್ನು, ಹಣ್ಣಾದ ಮುದುಕನನ್ನು, ಬಿಸಿಲಿನಲ್ಲಿ ಹೆಗಲ ಮೇಲಿನ ವಲ್ಲಿ ಒಡ್ಡಿ ಬೇಡುತ್ತ ನಿಲ್ಲುವ ಹಾಗೆ ಮಾಡಿದ. ಮುನಿಗಂಗಮ್ಮ ಕಂಬದ ಹತ್ತಿರ ಕೂತು ನೋಡಿದಳು. ಮಾರನೆಯ ದಿನ ಅವನು ಎಲೆಯ ಮುಂದೆ ಕೂತು ಮೊದಲ ತುತ್ತು ಎತ್ತಿದಾಗ ಶುರು ಮಾಡಿದಳು:

ಬೀಗರು ಬಂದವ್ರೆ ಬಿಳಿ ರುಮಾಲು ಸುತ್ತಿ
ರುಮಾಲಿನೊಳಗೆ ತಲೆಯ ಹುಡುಕಿರೇ, ಅಕ್ಕಯ್ಯ
ಸಿಕ್ಕಿದರೆ ನಮಗೂ ತೋರಿರೇ

ಎರಡನೆಯ ಸಲ ಹಾಡುವ ಹೊತ್ತಿಗೆ ಹೆಂಗಸರೆಲ್ಲ ದನಿಗೂಡಿಸಿದರು. ಬಡಿಸುವವನು ಪಲ್ಯದ ಪಾತ್ರೆ ಕೆಳಗಿಟ್ಟು ನಕ್ಕ. ಮದುಮಗನೂ ತಲೆ ಬಗ್ಗಿಸಿ ನಕ್ಕ. ಚನ್ನರಾಯಪ್ಪ ಎಲೆ ಬಿಟ್ಟು ಎದ್ದ. ಎದ್ದವರನ್ನು ಕೂರಿಸಲು ಯಾರಾದರೂ ಓಡಿ ಬರಬೇಕು. ಎಲ್ಲರೂ ನಗುತ್ತಿದ್ದುದರಿಂದ ಯಾರೂ ಬರಲಿಲ್ಲ. ಅವನು ಎಂಜಲು ಕೈಯಲ್ಲಿ ಸ್ವಲ್ಪ ಹೊತ್ತು ನಿಂತು, ತಾನೇ ಹೋಗಿ ಕೈ ತೊಳೆದುಕೊಂಡ. ಹೋಗುವಾಗ ಅವಳ ಮುಂದೆ ನಿಂತು, "ಆ ಗಂಟಲು ಬಿದ್ದೋಗ್ಲಿ" ಎಂದ.

"ಬೀಳೋವರ್ಗೂ ಕೇಳ್ಕೊಂಡು ಹೋಗಿ, ಬೀಗ್ರೆ" ಎಂದಳು ಮುನಿಗಂಗಮ್ಮ.

ಮೂವತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ ಅವಳ ಗಂಟಲು ಕಟ್ಟಿತು. ನೆಗಡಿ ಎಂದುಕೊಂಡಳು. ನೆಗಡಿ ಹೋಯಿತು, ಕಟ್ಟಿದ್ದು ಬಿಡಲಿಲ್ಲ. ಮೆಣಸಿನ ಕಷಾಯ, ಶುಂಠಿ, ಅರಿಸಿನ ಹಾಕಿದ ಹಾಲು, ಎಲ್ಲ ಆಯಿತು. ಮುಳಬಾಗಿಲಿನ ಒಬ್ಬ ಪಂಡಿತ ನಾಡಿ ಹಿಡಿದು, ಕಣ್ಣು ಮುಚ್ಚಿ, ಪಿತ್ತ ಎಂದು ಲೇಹ್ಯ ಕೊಟ್ಟ. ಕಣ್ಣು ತೆರೆದಿದ್ದರೆ ಅವಳ ಕತ್ತನ್ನಾದರೂ ನೋಡಬಹುದಿತ್ತು. ಊರಿನ ಗುಡಿಯ ಪೂಜಾರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಹತ್ತು ಜನರನ್ನ ನೋಯಿಸಿದ ಬಾಯಿ, ಮುನಿಗಂಗಮ್ಮ. ತಪ್ಪು ಕಾಣಿಕೆ ಹಾಕು" ಎಂದ. ಅವನ ಮಗಳ ಮದುವೆಯಲ್ಲಿ ಬೀಗರಿಗೆ ಹಾಡಲು ಇದೇ ಬಾಯಿಯನ್ನು ಕರೆಯಲು ಅವನೇ ಮನೆಗೆ ಬಂದಿದ್ದ. ಅದನ್ನು ಅವಳು ನೆನಪಿಸಿದಾಗ ಮಂಗಳಾರತಿಯ ತಟ್ಟೆ ಹಿಡಿದು ಒಳಗೆ ಹೋದ.

ಕೋಲಾರದ ಒಂದು ಮದುವೆಯಲ್ಲಿ ನಡುಹಾಡಿನಲ್ಲಿ ಧ್ವನಿ ಒಡೆಯಿತು. ಮೇಲಕ್ಕೆ ಏರಿಸಲು ಹೋದಳು, ಬರೀ ಗೊರಗೊರ ಬಂತು. ಗಂಡಿನ ಕಡೆಯವರು ತೊಡೆ ತಟ್ಟಿ ನಕ್ಕರು. ಆ ಸುದ್ದಿ ಮಾಸ್ತಿಗೆ ಹೋಗಲು ಹೊತ್ತಾಗಲಿಲ್ಲ. ಚನ್ನರಾಯಪ್ಪ ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯ ಜಗುಲಿಯಲ್ಲಿ, ಸಿಕ್ಕಿದವರಿಗೆಲ್ಲ ಹೇಳಿದ: ತಾನು ಅಂದದ್ದು ಫಲಿಸಿತು, ತನ್ನ ನಾಲಿಗೆಯಲ್ಲಿ ಅಂಥ ಶಕ್ತಿ ಇದೆ. ಅದೇ ವರ್ಷ ತನ್ನ ಎಮ್ಮೆ ಸತ್ತದ್ದನ್ನು, ಬೋರೆಯ ಹುಣಸೆಮರಕ್ಕೆ ಸಿಡಿಲು ಬಡಿದದ್ದನ್ನು ಆ ನಾಲಿಗೆ ಏಕೆ ತಡೆಯಲಿಲ್ಲವೆಂದು ಯಾರೂ ಕೇಳಲಿಲ್ಲ. ನಂಬುವುದಕ್ಕೆ ಸುಲಭವಾದದ್ದನ್ನು ಜನ ನಂಬಿದರು. ಅವಳ ಮನೆಗೆ ಬಂದು, ಕೆನ್ನೆಗೆ ಕೈ ಹಚ್ಚಿಕೊಂಡು, "ಅಯ್ಯೋ ಪಾಪ, ಬಾಯಿ ಸ್ವಲ್ಪ ಕಮ್ಮಿ ಮಾಡಿದ್ರೆ ಆಗ್ತಿತ್ತಲ್ಲ" ಎಂದು ಹೇಳಿ, ಕಾಫಿ ಕುಡಿದು ಹೋದರು.

ಒಂದು ದಿನ ಬೆಳಿಗ್ಗೆ ಗಂಗುಲಪ್ಪ ಸುತ್ತಿಗೆ ಕೆಳಗಿಟ್ಟು, "ನಡಿ, ಕೋಲಾರಕ್ಕೆ" ಎಂದ. ಅಷ್ಟೇ. ಅವನು ವರ್ಷಕ್ಕೆ ಒಮ್ಮೆ ಹೀಗೆ ಏನಾದರೂ ಹೇಳುತ್ತಿದ್ದುದರಿಂದ ಅವಳು ಎದುರಾಡಲಿಲ್ಲ.

ಕೋಲಾರದ ಆಸ್ಪತ್ರೆಯ ಲೇಡಿ ಡಾಕ್ಟರು ಹಣೆಗೆ ಒಂದು ದುಂಡು ಕನ್ನಡಿ ಕಟ್ಟಿಕೊಂಡು, ಇನ್ನೊಂದು ಪುಟ್ಟ ಕನ್ನಡಿಯನ್ನು ಅವಳ ಬಾಯೊಳಗೆ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕೈ ತೊಳೆದುಕೊಂಡು ಬಂದು ಪಕ್ಕದಲ್ಲೇ ಕೂತರು.

"ಮಾತು ಹುಟ್ಟೋ ಜಾಗದಲ್ಲೇ ಗಂಟು ಎದ್ದಿದೆಯಮ್ಮ. ಕೆಟ್ಟ ಗಂಟು. ಕ್ಯಾನ್ಸರ್ ಅಂತಾರೆ. ಸಣ್ಣದಿದೆ, ಸುಮ್ಮನೆ ಬಿಟ್ಟರೆ ಸಣ್ಣದಾಗಿ ಇರಲ್ಲ."

"ಕುಯ್ದು ತೆಗೀರಿ."

"ಕುಯ್ದರೆ ಆ ಜಾಗವನ್ನೇ ತೆಗೀಬೇಕು. ಕತ್ತಿನಲ್ಲಿ ತೂತು ಮಾಡಿ ಅಲ್ಲಿಂದ ಉಸಿರಾಡಬೇಕು. ಮಾತು ಇರಲ್ಲ."

ಮುನಿಗಂಗಮ್ಮ ಕತ್ತು ಮುಟ್ಟಿಕೊಂಡಳು. ಡಾಕ್ಟರು ಮುಂದುವರಿಸಿದರು: "ಮದ್ರಾಸಿನ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರ ಇದೆ. ಫೋಟೋ ತೆಗೆಯೋದಲ್ಲ, ಗಂಟು ಸುಡೋದು. ಹೊರಗಿಂದಲೇ ಬಿಡ್ತಾರೆ. ಕೆಲವು ವಾರ ಅಲ್ಲೇ ಇರಬೇಕು. ಮಾತು ಉಳಿಯಬಹುದು. ಆದರೆ ಈಗಿನ ಧ್ವನಿಯೇ ಉಳಿಯುತ್ತೆ ಅಂತ ನಾನು ಹೇಳಲಾರೆ."

"ಮತ್ತೆ ಯಾರ ಧ್ವನಿ ಬರ್ತದೆ?"

"ಬಂದಾಗಲೇ ನೋಡಬೇಕು" ಎಂದರು ಡಾಕ್ಟರು. ಸುಳ್ಳು ಹೇಳಿ ಸಮಾಧಾನ ಮಾಡದ ಆ ಹೆಂಗಸಿನ ಮೇಲೆ ಮುನಿಗಂಗಮ್ಮನಿಗೆ ಗೌರವ ಹುಟ್ಟಿತು. ಅವಳು ಗೌರವ ಕೊಟ್ಟವರ ಪಟ್ಟಿ ಬಹಳ ಚಿಕ್ಕದು.

ಟೇಕಲ್ ಸ್ಟೇಷನ್ನಿನಲ್ಲಿ ಗಂಡಹೆಂಡಿರು ಮದ್ರಾಸಿನ ಗಾಡಿ ಹತ್ತಿದರು. ಗಂಗುಲಪ್ಪ ಒಂದು ಛತ್ರದಲ್ಲಿ ಉಳಿದುಕೊಂಡ. ಅವಳನ್ನು ಹೆಂಗಸರ ವಾರ್ಡಿನಲ್ಲಿ ಮಲಗಿಸಿದರು. ತಮಿಳು ಬರದಿದ್ದರೂ ತೆಲುಗಿನಲ್ಲಿ ಕೆಲಸ ನಡೆಯಿತು. ಕತ್ತಿನ ಎರಡು ಕಡೆಯೂ ನೇರಳೆ ಮಸಿಯಲ್ಲಿ ಗೆರೆ ಎಳೆದು, ತೊಳೆಯಬೇಡ ಎಂದರು. ದಿನವೂ ಒಂದು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಹಲಗೆಯ ಮೇಲೆ ಮಲಗಿಸಿ, ಎದೆಯ ಮೇಲೆ ಸೀಸದ ಹಾಳೆ ಹೊದಿಸಿ, ಯಂತ್ರದ ಮೂತಿಯನ್ನು ಕತ್ತಿನ ಹತ್ತಿರ ತಂದು, ಅಲ್ಲಾಡಬೇಡ ಎಂದು ಹೇಳಿ ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ಯಂತ್ರ ಗುಂಯ್ ಎನ್ನುತ್ತಿತ್ತು. ನೋವಿಲ್ಲ, ಬಿಸಿಯಿಲ್ಲ, ಏನೂ ಇಲ್ಲ. ಮೊದಲ ದಿನ ಹೊರಗೆ ಬಂದವಳು, "ಇಷ್ಟಕ್ಕಾ ಇಲ್ಲಿವರ್ಗೂ ಕರ್ಕೊಂಡ್ ಬಂದೆ? ನಮ್ಮೂರಲ್ಲಿ ಜೇನುಗೂಡಿನ್ ಕೆಳಗೆ ಮಲಗಿದ್ರೆ ಆಗಿರೋದು" ಎಂದು ಗಂಡನನ್ನು ಗದರಿದಳು.

ಎರಡನೆಯ ವಾರದ ಹೊತ್ತಿಗೆ ಒಂದು ವಿಚಿತ್ರವಾಯಿತು. ಧ್ವನಿ ತಿಳಿಯಾಯಿತು. ಗಂಟು ಕರಗತೊಡಗಿದ್ದರಿಂದ ಗಂಟಲಿಗೆ ಸ್ವಲ್ಪ ಜಾಗ ಸಿಕ್ಕಿತ್ತು. ಅವಳು ಗೋಡೆಯ ಕಡೆ ತಿರುಗಿ ಮೆಲ್ಲಗೆ ಗುನುಗಿ ನೋಡಿದಳು. ಬಂತು. ಮೊದಲಿನಷ್ಟಲ್ಲ, ಆದರೂ ಬಂತು. ಆ ದಿನವೇ ವಾರ್ಡಿನ ದೊಡ್ಡ ಡಾಕ್ಟರು ಓದುವ ಹುಡುಗರ ಹಿಂಡನ್ನು ಕಟ್ಟಿಕೊಂಡು ಬಂದರು. ಅವರಿಗೆ ಗಿರಿಜಾ ಮೀಸೆ. ಮಂಚದ ಮೇಲಿರುವುದು ಮನುಷ್ಯರು ಎಂಬುದು ಅವರಿಗೆ ಯಾವಾಗಲಾದರೊಮ್ಮೆ ಮಾತ್ರ ನೆನಪಾಗುತ್ತಿತ್ತು. ಅವಳ ಗದ್ದ ಹಿಡಿದು ತಿರುಗಿಸಿ, ಬಾಯಿಗೆ ಕನ್ನಡಿ ತುರುಕಿ, ಇಂಗ್ಲಿಷಿನಲ್ಲಿ ಹುಡುಗರಿಗೆ ಏನೇನೋ ಹೇಳಿ, ಕನ್ನಡಿ ತೆಗೆದು, ಬಾಯಿಪಾಠ ಮಾಡಿಕೊಂಡಿದ್ದ ಎರಡು ಮಾತಿನ ತೆಲುಗಿನಲ್ಲಿ, "ಈ ಅನು, ಈ ಅನು" ಎಂದರು. ಮುನಿಗಂಗಮ್ಮ ರಾಗ ತೆಗೆದಳು:

ಅದ್ದಮು ಪೆಟ್ಟಿ ಚೂಸೇ ದೊರಗಾರೂ
ನಾ ಗೊಂತುಲೋ ಏಮುಂದಿ? ಮೀ ಮೀಸಮುಂದಿ

ಕನ್ನಡಿ ಇಟ್ಟು ನೋಡುವ ದೊರೆಯೇ, ನನ್ನ ಗಂಟಲಲ್ಲಿ ಏನಿದೆ? ನಿಮ್ಮ ಮೀಸೆಯೇ ಇದೆ, ಎಂದು. ತೆಲುಗು ಬಲ್ಲ ಹುಡುಗರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು. ಪಕ್ಕದ ಮಂಚದಲ್ಲಿದ್ದ ಚಿತ್ತೂರಿನ ಹೆಂಗಸು ನಗಲು ಹೋಗಿ ಕೆಮ್ಮಿದಳು. ದೊಡ್ಡ ಡಾಕ್ಟರಿಗೆ ಅರ್ಥವಾಗಲಿಲ್ಲ. "ವೆರಿ ಗುಡ್, ವಾಯ್ಸ್ ಇಂಪ್ರೂವ್ಡ್" ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು.

ಅದು ಅವಳ ಹಳೆಯ ಧ್ವನಿಯ ಕೊನೆಯ ಹಾಡು.

ಮೂರನೆಯ ವಾರದಲ್ಲಿ ಮೊದಲು ಎಂಜಲು ಹೋಯಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆಮೇಲೆ ರುಚಿ ಹೋಯಿತು. ಗಂಜಿಯೂ ಒಂದೇ, ಮಣ್ಣೂ ಒಂದೇ. ನುಂಗಿದರೆ ಮುಳ್ಳು ಇಳಿದ ಹಾಗೆ. ಕತ್ತಿನ ಚರ್ಮ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಸುಲಿಯತೊಡಗಿತು. ಅದರ ಜೊತೆಗೇ ಧ್ವನಿ ಒಂದೊಂದು ದಿನ ಒಂದೊಂದು ತರಹ ಆಯಿತು. ಒಂದು ದಿನ ಎರಡು ಧ್ವನಿ ಒಟ್ಟಿಗೆ ಬರುತ್ತಿದ್ದವು, ಒಂದರ ಮೇಲೊಂದು ಹತ್ತಿ. ಇನ್ನೊಂದು ದಿನ ಮಾತಿನ ನಡುವೆ ಸದ್ದು ನಿಂತು ಬರೀ ಗಾಳಿ. ಒಂದು ಬೆಳಿಗ್ಗೆ ನೀರು ಕೇಳಲು ಬಾಯಿ ತೆರೆದಳು, ಏನೂ ಬರಲಿಲ್ಲ. ನರ್ಸು ಬೆನ್ನು ತಿರುಗಿಸಿ ನಿಂತಿದ್ದಳು. ಕರೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಒಬ್ಬ ಚಿಕ್ಕ ಡಾಕ್ಟರು ಬಂದು, ಒಳಗೆಲ್ಲ ಊದಿಕೊಂಡಿದೆ, ಇದು ಆಗುವುದೇ, ಇಳಿಯುತ್ತದೆ, ಅಲ್ಲಿಯವರೆಗೆ ಮಾತಾಡಬೇಡ ಎಂದ. "ಪಿಸುಮಾತೂ ಬೇಡ. ಅದರಿಂದ ಗಂಟಲಿಗೆ ಇನ್ನೂ ಶ್ರಮ." ಅವಳು ಅವನನ್ನು ನೋಡಿದ ನೋಟಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

ಆಗ ನಡೆದದ್ದು ಅವಳ ಇಪ್ಪತ್ತು ವರ್ಷದ ಸಂಸಾರದಲ್ಲಿ ನಡೆಯದ ಸಂಗತಿ. ಗಂಗುಲಪ್ಪ ಮಾತಾಡತೊಡಗಿದ. ಸಂಜೆ ವಾರ್ಡಿಗೆ ಬಂದು ಮಂಚದ ಪಕ್ಕ ಕೂತರೆ ಇವಳ ಬಾಯಿ ಮುಚ್ಚಿದೆ. ಆ ಮೌನ ಅವನಿಗೆ ಹೊಸದು, ತಡೆಯಲಾಗಲಿಲ್ಲ. ಸಮುದ್ರ ನೋಡಿದೆ ಎಂದ. "ನೀರು ಸುಮ್ನೆ ಬರ್ತದೆ, ಹೋಗ್ತದೆ. ಯಾಕೆ ಅಂತ ಗೊತ್ತಿಲ್ಲ" ಎಂದ. ಇಲ್ಲಿನ ಮನೆಗಳ ಕಲ್ಲು ಕಚ್ಚಾ ಕಲ್ಲು, ನಮ್ಮ ಬೆಟ್ಟದ್ದಲ್ಲ ಎಂದ. ಛತ್ರದ ಅಡಿಗೆಯವನು ಸಾರಿಗೆ ಬೆಲ್ಲ ಹಾಕುತ್ತಾನೆ ಎಂದು ಬಹಳ ಹೊತ್ತು ದೂರಿದ. ಅವಳು ಮೂತಿ ತಿರುಗಿಸುವಳು, ಹಣೆ ಚಚ್ಚಿಕೊಳ್ಳುವಳು. ಅಷ್ಟು ಸಪ್ಪೆ ಮಾತನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಆದರೂ ಅವನು ಬರುವ ಹೊತ್ತಿಗೆ ಬಾಗಿಲ ಕಡೆ ತಿರುಗಿ ಮಲಗಿರುತ್ತಿದ್ದಳು.

ಯಂತ್ರದ ಕೆಲಸ ಮುಗಿದು ಊರಿಗೆ ಬಂದ ಮೇಲೂ ಎರಡು ತಿಂಗಳು ಧ್ವನಿಯಿರಲಿಲ್ಲ. ನೋಡಲು ಬಂದವರು ಬಾಗಿಲ ಹೊರಗೇ ನಿಂತರು. ಅಂಟುರೋಗವಿರಬಹುದು ಎಂದು ಅವಳ ಮನೆಯ ಕೊಡ ಮುಟ್ಟಲಿಲ್ಲ. ಮುಖದ ತುಂಬ ಮರುಕ. ಅವಳ ಬಾಯಿ ಸುಮ್ಮನಿದ್ದುದರಿಂದ ಹಿಂದೆಂದೂ ಹೇಳಲು ಧೈರ್ಯವಾಗದ ಬುದ್ಧಿಮಾತುಗಳನ್ನೆಲ್ಲ ಹೇಳಿ ಹೋದರು. ಅವಳು ಒಬ್ಬೊಬ್ಬರನ್ನೂ ನೋಡುತ್ತ ಕೂತಳು.

ಆಮೇಲೆ ಧ್ವನಿ ಬಂತು. ಒಂದು ಬೆಳಿಗ್ಗೆ ಕೋಳಿ ಓಡಿಸಲು ಹುಶ್ ಎಂದವಳಿಗೆ ಹಿಂದಿನಿಂದ ಯಾರೋ ಗಂಡಸು ಕೂಗಿದ ಹಾಗಾಗಿ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ದಪ್ಪ, ಒರಟು, ತಳದಿಂದ ಎದ್ದು ಬರುವ ಧ್ವನಿ. ಮೇಲಕ್ಕೆ ಒಂದು ಗೇಣೂ ಏರದು. ಏರಿಸಿದರೆ ಕಡಿದುಹೋಗುವುದು. ಒಳಗೆ ಹೋಗಿ ಅಡಿಗೆಮನೆಯಲ್ಲಿ ಕೂತು ಹಳೆಯ ಹಾಡಿನ ಒಂದು ಸಾಲು ಹೇಳಿ ನೋಡಿದಳು. ಇನ್ನೊಮ್ಮೆ ಹೇಳಿ ನೋಡಿದಳು. ಗಂಗುಲಪ್ಪ ಮನೆಗೆ ಬಂದಾಗ ಒಲೆ ಹೊತ್ತಿಸಿರಲಿಲ್ಲ, ಕಣ್ಣು ಊದಿತ್ತು. ಅವಳು ಅತ್ತದ್ದನ್ನು ಅವನು ನೋಡಿದ್ದು ಅದೊಂದೇ ಸಲ.

"ಏನಾದ್ರೂ ಮಾತಾಡು" ಎಂದ.

"ಏನ್ ಮಾತಾಡ್ಲಿ?"

ಅವನು ಸುತ್ತಿಗೆ ಮೂಲೆಗಿಟ್ಟು, "ನಮ್ಮಪ್ಪ ಹಿಂಗೇ ಮಾತಾಡ್ತಿದ್ದ" ಎಂದ. ಅವಳು ಕೈಗೆ ಸಿಕ್ಕ ಸೌಟು ಎಸೆದಳು. ಆಮೇಲೆ ಒಲೆ ಹೊತ್ತಿಸಿದಳು.

ಸ್ಟೇಷನ್ನಿನಲ್ಲಿ ಟಿಕೀಟು ಕೊಡುವವನು ತಲೆಯೆತ್ತದೆ "ಎಲ್ಲಿಗಪ್ಪಾ?" ಎಂದು ಕೇಳುವನು. ಅಂಗಡಿಯ ಪಡಸಾಲೆಯಲ್ಲಿ ಕೂತವರು ಅವಳ ಹಾಗೆ ಮಾತಾಡಿ ನಗುವರು. ಮದುವೆಗಳಿಗೆ ಕರೆ ನಿಂತಿತು. ಶ್ರೀನಿವಾಸಪುರದ ಭಾರತಮ್ಮ ಎಂಬ ಸಣ್ಣ ವಯಸ್ಸಿನವಳನ್ನು ಎಲ್ಲರೂ ಕರೆಯತೊಡಗಿದರು. ಕೇಳಲು ಇಂಪಾದ ಧ್ವನಿ. ಹಾಡುವುದು ಮುನಿಗಂಗಮ್ಮನ ಹಾಡುಗಳನ್ನೇ, ಆದರೆ ಬೀಗರ ಹೆಸರು ಬಂದ ಕಡೆ "ಯಜಮಾನರು" ಎಂದು ತಿದ್ದಿಕೊಂಡು. ಕೊನೆಗೆ ಬೀಗಿತ್ತಿಗೆ ನಮಸ್ಕಾರ ಮಾಡಿ ಕುಪ್ಪಸದ ಕಣ ಇಸಿದುಕೊಳ್ಳುವಳು. ಒಂದು ಸಲ ಕೇಳಿ ಬಂದ ಮುನಿಗಂಗಮ್ಮ, "ಬೀಗರನ್ನ ತೊಟ್ಟಿಲಿಗೆ ಹಾಕಿ ತೂಗ್ತಾಳೆ" ಎಂದಳು.

ಯುದ್ಧದ ಕಾಲ, ನಲವತ್ತೆರಡೋ ನಲವತ್ತಮೂರೋ. ಗಂಗುಲಪ್ಪನ ತಮ್ಮನ ಮಗಳು ಗಂಗರತ್ನಮ್ಮನಿಗೆ ಮಾಸ್ತಿಯ ಕಡೆಯಿಂದ ಸಂಬಂಧ ಬಂತು. ಹುಡುಗ ಒಳ್ಳೆಯವನು. ತಂದೆ ಇಲ್ಲ, ಸೋದರಮಾವನೇ ಹಿರಿಯ. ಆ ಸೋದರಮಾವ ಚನ್ನರಾಯಪ್ಪ.

ಮೈದುನ ಬಂದು ಹೊಸ್ತಿಲಲ್ಲೇ ನಿಂತ. "ಅತ್ತಿಗೆ, ಹುಡುಗಿ ಬಾಳಬೇಕಾದ ಮನೆ. ಈ ಸಲ ನೀನು ಬಾಯಿ ಬಿಡಬೇಡ."

"ಬಿಡೋಕೆ ಬಾಯಿ ಎಲ್ಲೈತೆ, ಬಾ ಒಳಕ್ಕೆ" ಎಂದಳು. ನಿಜವಾಗಿಯೂ ಸುಮ್ಮನಿರಬೇಕು ಎಂದೇ ಇದ್ದಳು.

ಚನ್ನರಾಯಪ್ಪ ಬಂದ. ಗಾಡಿಯಿಂದ ಇಳಿಯುವಾಗಲೇ ಹ್ಹೂಂ. ಅಕ್ಕಿ ಸಿಗದ ಕಾಲದಲ್ಲಿ ಊರೂರು ತಿರುಗಿ ಹೊಂದಿಸಿ ಬೇಯಿಸಿದ ಅನ್ನವನ್ನು ನೋಡಿ, "ಹ್ಹೂಂ. ನಮ್ ಕಡೆ ಹಿಂಗಲ್ಲ, ಇದು ದಪ್ಪಕ್ಕಿ" ಎಂದ. ದೀಪ ಸಾಲದು ಎಂದ. ಸೀಮೆಎಣ್ಣೆ ಎಲ್ಲಿಂದ ತರಬೇಕೆಂದು ಹೇಳಲಿಲ್ಲ. ಹುಡುಗಿಯ ತಂದೆಯನ್ನು ಹತ್ತು ಸಲ ಕರೆಸಿ ಹತ್ತು ಸಲ ಕಳಿಸಿದ. ಮಾರನೆಯ ದಿನ ಊಟಕ್ಕೆ ಕೂತಾಗ ಹೆಂಗಸರು ಎದುರಿಗೆ ಕೂತು ಒಬ್ಬರ ಮುಖ ಒಬ್ಬರು ನೋಡಿದರು. ಹಾಡುವವರಿಲ್ಲ. ಚನ್ನರಾಯಪ್ಪ ಸುತ್ತ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಏನು, ಹಾಡಿಲ್ವಾ? ಒಬ್ಬಾಕೆ ಇದ್ದಳಲ್ಲ, ದೊಡ್ಡ ಗಂಟಲಿನವಳು?" ಎಂದ.

ಮುನಿಗಂಗಮ್ಮ ಹಿಂದೆ ಕೂತಿದ್ದವಳು ಮುಂದಕ್ಕೆ ಬಂದಳು. ಮೈದುನ ಕಣ್ಣಿನಲ್ಲೇ ಬೇಡಿಕೊಂಡ. ಅವಳು ಹಾಡಲು ಹೊರಟಳು, ಹಳೆಯ ರಾಗದಲ್ಲೇ. ಮೊದಲ ಸಾಲು ಹೇಗೋ ದಾಟಿತು, ಎರಡನೆಯದರಲ್ಲಿ ಏರುವ ಕಡೆ ಧ್ವನಿ ಕಡಿದುಹೋಯಿತು. ಗಂಡಿನ ಸಾಲಿನಲ್ಲಿ ನಗು ಎದ್ದಿತು. ಚನ್ನರಾಯಪ್ಪ ನಗಲಿಲ್ಲ. ತಲೆ ಒಂದು ಕಡೆ ವಾಲಿಸಿ, "ಪಾಪ. ಬಿಡ್ರಮ್ಮ ಆಕೇನ. ಕಾಯಿಲೆ ಬಿದ್ದ ಜೀವ" ಎಂದ.

ನಕ್ಕಿದ್ದರೆ ಅವಳು ಎದ್ದು ಹೋಗಿಬಿಡುತ್ತಿದ್ದಳೋ ಏನೋ. ಆ ಪಾಪ ಎಂಬ ಮಾತನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಬೆನ್ನು ನೇರ ಮಾಡಿ ಕೂತಳು, ಹೊಟ್ಟೆ ಮುಂದಕ್ಕೆ ತಂದಳು, ಹೆಗಲ ಮೇಲಿನ ಸೆರಗನ್ನು ವಲ್ಲಿಯ ಹಾಗೆ ಕೊಡವಿ ಹಾಕಿಕೊಂಡಳು.

"ಹ್ಹೂಂ" ಎಂದಳು.

ಚನ್ನರಾಯಪ್ಪನ ಕೈ ತುತ್ತಿನ ಸಮೇತ ಎಲೆಯ ಮೇಲೆ ನಿಂತಿತು. ಅದು ಅವನದೇ ಧ್ವನಿ. ಅವನದೇ ದಪ್ಪ, ಅವನದೇ ಗೊಗ್ಗರು.

"ಹ್ಹೂಂ. ನಮ್ ಕಡೆ ಹಿಂಗಲ್ಲ. ನಮ್ ಕಡೆ ಸೂರ್ಯ ಹುಟ್ಟೋಕ್ ಮುಂಚೆ ಬಂದು ಬಾಗಿಲಲ್ಲಿ ನಿಂತ್ಕೊಂಡು ಬರ್ಲಾ ಅಂತ ಕೇಳ್ತಾನೆ. ನಾನು ಎದ್ದು, ಹಲ್ಲುಜ್ಜಿ, ಹ್ಹೂಂ ಅಂದ್ಮೇಲೆ ಬರ್ತಾನೆ. ನಮ್ ಕಡೆ ಅನ್ನದಲ್ಲಿ ಕಲ್ಲು ಬರಲ್ಲ. ಬಂದ್ರೂ ನನ್ ಮಕ ನೋಡಿ ತಾನೇ ಎದ್ದೋಗ್ತದೆ. ನಮ್ ಕಡೆ ದೀಪ ಯಾಕಯ್ಯಾ? ನಾನು ಕೂತಿಲ್ವಾ?"

ಬಡಿಸುವವರು ನಿಂತರು. ಯಾರೋ ಉಸಿರು ಬಿಗಿಹಿಡಿದು ಸೋತು ನಕ್ಕರು. ಅವಳು ನಗಲಿಲ್ಲ. ಗಂಭೀರವಾಗಿ ಮೀಸೆ ತೀಡಿದಳು, ಇಲ್ಲದ ಮೀಸೆಯನ್ನು.

"ನಮ್ ಮನೇಲಿ ನಾನ್ ಹೇಳಿದ್ದೇ ಮಾತು. ನಾನೇ ಯಜಮಾನ." ಆಮೇಲೆ ಅಡಿಗೆಮನೆಯ ಕಡೆ ಕತ್ತು ಚಾಚಿ, ಅದೇ ಗಂಡುಧ್ವನಿಯನ್ನು ಬೆಕ್ಕಿನ ಹೆಜ್ಜೆಯಷ್ಟು ಮೆತ್ತಗೆ ಮಾಡಿ, "ಅಲ್ವೇನೇ? ಹೇಳ್ಲಾ, ಬೇಡ್ವಾ?" ಎಂದಳು.

ಗಂಡಿನ ಕಡೆಯಲ್ಲಿ ಮೊದಲು ನಕ್ಕವಳು ಚನ್ನರಾಯಪ್ಪನ ಹೆಂಡತಿ ಆಂಜಿನಮ್ಮ. ಬೀಗಿತ್ತಿಯರ ಸಾಲಿನ ನಡುವೆ ಕೂತಿದ್ದ ಆ ತೂಕದ ಹೆಂಗಸು ಸೆರಗು ಬಾಯಿಗೆ ಇಟ್ಟುಕೊಂಡರೂ ತಡೆಯಲಾರದೆ, ಎಲೆಯ ಮುಂದೆಯೇ ವಾಲಿಬಿದ್ದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳು ನಕ್ಕ ಮೇಲೆ ಇನ್ನು ಯಾರು ಬಿಡುತ್ತಾರೆ? ಗಂಡಿನ ಸಾಲಿಗೆ ಸಾಲೇ ನಕ್ಕಿತು. ಚನ್ನರಾಯಪ್ಪ ಏನಾದರೂ ಹೇಳಲೇಬೇಕೆಂದು ಬಾಯಿ ತೆರೆದ. ಅಭ್ಯಾಸ ಕಾಲಿಗೆ ತೊಡರಿಕೊಂಡಿತು.

"ಹ್ಹೂಂ" ಎಂದ.

ಆ ನಗು ಸ್ಟೇಷನ್ನಿನವರೆಗೂ ಕೇಳಿಸಿತಂತೆ.

ಮೈದುನ ಹೆದರಿದ ಹಾಗೆ ಏನೂ ಆಗಲಿಲ್ಲ. ಮೊದಲ ಸಲ ತವರಿಗೆ ಬಂದ ಗಂಗರತ್ನಮ್ಮ ಹೇಳಿದಳು: "ದೊಡ್ಡಮ್ಮ, ಆ ಪಟೇಲ್ರು ಬಂದು ಜಗುಲಿ ಮೇಲೆ ಕೂತ್ರೆ ನಮ್ಮತ್ತೆ ನೀರು ತರೋಕ್ ಮುಂಚೆನೇ ಒಳಗೆ ಹೋಗಿ ನಕ್ಕೊಂಡ್ ಬರ್ತಾರೆ." ಚನ್ನರಾಯಪ್ಪ ಕಚೇರಿಯಲ್ಲಿ ಗಂಟಲು ಸರಿಮಾಡಿಕೊಂಡರೂ ಗುಮಾಸ್ತರು ತಲೆ ಬಗ್ಗಿಸುತ್ತಿದ್ದರಂತೆ. ಪಾಪ, ನೆಗಡಿಯಾದರೂ ಕೆಮ್ಮುವಂತಿರಲಿಲ್ಲ.

ಕರೆಗಳು ಮತ್ತೆ ಬರತೊಡಗಿದವು. ಈಗ ಅವಳು ಹಾಡುತ್ತಿರಲಿಲ್ಲ, ಬೀಗರಾಗುತ್ತಿದ್ದಳು. ಕೋಲಾರದ ಒಬ್ಬ ವಕೀಲನಾದಳು, ರಾಯಲ್ಪಾಡಿನ ಒಬ್ಬ ಶ್ಯಾನುಭೋಗನಾದಳು. ಜನ ಹೊಗಳಿದರೆ ಮುಖ ಸಿಂಡರಿಸುತ್ತಿದ್ದಳು. "ಇದೇನ್ ಮಹಾ. ಹಾಡಿದ್ದನ್ನ ಕೇಳಿದೋರು ಇದನ್ನ ಹೊಗಳಲ್ಲ" ಎನ್ನುವಳು. ಹಳೆಯ ಧ್ವನಿ ಹೋದದ್ದು ಒಳ್ಳೆಯದೇ ಆಯಿತು ಎಂದು ಒಬ್ಬಾತ ಉಪದೇಶ ಮಾಡಿದಾಗ, "ನಿನ್ ಕಾಲು ಮುರ್ಕೊ, ಕುಂಟೆಬಿಲ್ಲೆ ಆಡೋದು ಚೆನ್ನಾಗಿ ಬರ್ತದೆ" ಎಂದಳು.

ಎರಡು ವರ್ಷದ ಮೇಲೆ ಚನ್ನರಾಯಪ್ಪನೇ ಟೇಕಲ್ಲಿಗೆ ಬಂದ. ಮಗಳನ್ನು ಮುಳಬಾಗಿಲಿನ ಒಬ್ಬ ಮಿಲಿಟರಿ ಕಂಟ್ರಾಕ್ಟರನ ಮಗನಿಗೆ ಕೊಡುವುದಾಗಿತ್ತು. ಯುದ್ಧದಲ್ಲಿ ಉಬ್ಬಿದ ಜನ. ಆಂಜಿನಮ್ಮ ಕಳಿಸಿದ್ದಳು. ಅವನು ಅಂಗಳದಲ್ಲಿ ನಿಂತು ನೆಲ ನೋಡುತ್ತ ಏನೋ ಅಂದ.

"ಕೇಳಿಸ್ಲಿಲ್ಲ" ಎಂದಳು ಮುನಿಗಂಗಮ್ಮ.

"ಮಗಳ ಮದುವೆ. ಬರಬೇಕು ಅಂತ ನಮ್ಮಾಕೆ."

"ನಿಮ್ಮಾಕೆ ಕರೆದ್ರೆ ನಿಮ್ಮಾಕೆ ಬರ್ಲಿ. ನೀವ್ಯಾಕ್ ಬಂದ್ರಿ?"

ಅವನ ಗಂಟಲಿನವರೆಗೆ ಹ್ಹೂಂ ಬಂದು, ಅಲ್ಲೇ ನಿಂತು, ವಾಪಸು ಹೋದದ್ದು ಕಾಣಿಸಿತು. "ನಾನೂ ಕರೀತಿದೀನಿ, ತಾಯಿ. ಅವರು ಬಹಳ ಆಡ್ತಿದಾರೆ" ಎಂದ.

ಅವಳು ಹೋದಳು. ಅಲ್ಲಿ ಚನ್ನರಾಯಪ್ಪ ಕಂಟ್ರಾಕ್ಟರನ ಮುಂದೆ ವಲ್ಲಿ ಒಡ್ಡಿ ನಿಂತಿದ್ದ. ಕಾಫಿಗೆ ಸಕ್ಕರೆ ಸಾಲದು ಎಂಬುದಕ್ಕೆ ಅಷ್ಟು ರಂಪ. ಮುನಿಗಂಗಮ್ಮ ಅವನ ಕಡೆ ಒಂದು ಸಲ ನೋಡಿ, ಆಮೇಲೆ ಕಂಟ್ರಾಕ್ಟರನನ್ನೇ ನೋಡಿದಳು: ಬಾಯಲ್ಲಿ ಚಿನ್ನದ ಹಲ್ಲು, ಮಾತಿಗೊಂದು ಇಂಗ್ಲಿಷು, ಕೈಗಡಿಯಾರ ನೋಡಿಕೊಳ್ಳುವುದು. ಮಾರನೆಯ ದಿನ ಊಟದ ಹೊತ್ತಿನಲ್ಲಿ ಅವನು ತನ್ನನ್ನೇ ಎದುರಿಗೆ ಕಂಡು, ಕಾಲಕ್ಕೆ ಮುಂಚೆ ಮಜ್ಜಿಗೆ ಕೇಳಿ ಎದ್ದುಹೋದ.

ಯುದ್ಧ ಮುಗಿದು, ಸ್ವಾತಂತ್ರ್ಯ ಬಂದ ಮಾರನೆಯ ವರ್ಷ, ಶ್ರೀನಿವಾಸಪುರದ ಒಂದು ದೊಡ್ಡ ಮದುವೆಗೆ ಕರೆ ಬಂದಿತ್ತು. ಬೌರಿಂಗ್‌ಪೇಟೆಗೆ ಹೋಗಿ ಅಲ್ಲಿಂದ ಸಣ್ಣ ರೈಲು ಹಿಡಿದು ಹೋದಳು. ವಯಸ್ಸಾಗಿತ್ತು, ಬಾಯಿ ಯಾವಾಗಲೂ ಒಣಗುತ್ತಿದ್ದುದರಿಂದ ಚೆಂಬಿನಲ್ಲಿ ನೀರು ಜೊತೆಗೇ ಇರಬೇಕಿತ್ತು. ಚಪ್ಪರದಲ್ಲಿ ಕಂಬಕ್ಕೆ ಒಂದು ಲೌಡ್‌ಸ್ಪೀಕರ್ ಕಟ್ಟಿದ್ದರು. ಬೀಗರು ಊಟಕ್ಕೆ ಕೂತ ಕೂಡಲೇ ಬೆಂಗಳೂರಿನಿಂದ ಬಾಡಿಗೆಗೆ ತಂದ ಪೆಟ್ಟಿಗೆಯ ಮೇಲೆ ಯಾವುದೋ ಸಿನಿಮಾ ಹಾಡಿನ ಪ್ಲೇಟು ತಿರುಗಿತು. ಬೀಗರಲ್ಲೊಬ್ಬ ಬಡಿಸುವ ಹುಡುಗನನ್ನು ಗದರುತ್ತಿದ್ದ, ಹುಡುಗಿಯ ತಾಯಿ ಕೈಮುಗಿಯುತ್ತಿದ್ದಳು. ಯಾರು ಏನು ಅಂದರೆಂಬುದು ಯಾರಿಗೂ ಕೇಳಿಸುತ್ತಿರಲಿಲ್ಲ.

ಮುನಿಗಂಗಮ್ಮ ಮನೆಯವರನ್ನು ಕರೆದು, "ಅದನ್ನ ನಿಲ್ಸಿ" ಎಂದಳು.

"ಬಾಡಿಗೆ ಕೊಟ್ಟಿದೀವಲ್ಲಮ್ಮ" ಎಂದರು ಅವರು ಕೂಗಿ.

ಅವಳು ಕಂಬದ ಮೇಲಿನ ಆ ತಗಡಿನ ಬಾಯಿಯನ್ನು ಸ್ವಲ್ಪ ಹೊತ್ತು ನೋಡಿ, ಚೆಂಬು ಎತ್ತಿಕೊಂಡು, ಊಟ ಮಾಡದೆ ಸ್ಟೇಷನ್ನಿಗೆ ನಡೆದಳು.